ಒಂದು ಕೈಯ ಕ್ಲಚ್ ಟೂಲು

ಕ್ಲಚ್ ಟೂಲು ಅಂದರೆ ಏನು ಮಹಾ, ರಿಮೋಟ್ ಕಾರಿನ ಕ್ಲಚ್ ಕೂರಿಸುವ ಗೇಣುದ್ದದ ಒಂದು ಲೋಹದ ಪಟ್ಟಿ. ಒಂದು ತುದಿಯಲ್ಲಿ ಎರಡು ಮೊಳೆ, ಇನ್ನೊಂದು ತುದಿಯಲ್ಲಿ ಒಂದು ಕೊಕ್ಕೆ. ಇಷ್ಟಕ್ಕೆ ಅಂಗಡಿಯವನು ಗಾಜಿನ ಪೆಟ್ಟಿಗೆಯ ಬೀಗ ತೆಗೆದು, ಕೌಂಟರ್ ಮೇಲೆ ಮಖಮಲ್ಲಿನ ಬಟ್ಟೆ ಹಾಸಿ, ಒಂದೊಂದನ್ನೇ ಎರಡು ಬೆರಳಲ್ಲಿ ಎತ್ತಿ ಇಡುತ್ತಿದ್ದ ವೈಖರಿ ನೋಡಿ ಹಲ್ಲಕ್ಕನಿಗೆ ಮೈ ಉರಿಯಿತು.

"ಇದು ನೀಲಿ ಮೇಡಂ. ಇದು ಕೆಂಪು. ಇದು ನೇರಳೆ, ಸ್ಪೆಷಲ್ ಎಡಿಷನ್ನು."

"ಬಣ್ಣ ಬಿಟ್ಟು ಬೇರೇನು ವ್ಯತ್ಯಾಸ?"

"ತೂಕ ಮೇಡಂ! ನೇರಳೆ ಹನ್ನೊಂದು ಗ್ರಾಂ ಕಡಿಮೆ."

"ಯಾಕೆ, ಈ ಟೂಲು ಕಾರೊಳಗೆ ಕೂತ್ಕೊಂಡು ರೇಸಿಗೆ ಹೋಗುತ್ತಾ?"

ಅಂಗಡಿಯವನು ಹಲ್ಲು ಗಿಂಜಿದ. ಕೆಳಗಿನ ಸಾಲಿನ ಎಡಗಡೆಯ ಎರಡು ಕಟ್ಟಿಸಿದವು, ಅದೂ ಸರಿಯಾಗಿ ಕೂತಿಲ್ಲ ಎಂದು ಹಲ್ಲಕ್ಕ ಒಂದೇ ನೋಟಕ್ಕೆ ಕಂಡುಕೊಂಡಳು. ಯಾವನೋ ಬೇಜವಾಬ್ದಾರಿಯ ಕೆಲಸ. ಅವಳು ಇರುವುದೇ ಹಾಗೆ. ನಾಲ್ಕು ಜನ ದಂತವೈದ್ಯರಿಗೆ ಹಲ್ಲಿನ ಸೆಟ್ಟು ಮಾಡಿಕೊಡುವುದು ಅವಳ ಕಸುಬು, ಅದರಿಂದಲೇ ಬೀದಿಯವರ ಬಾಯಲ್ಲಿ ಹಲ್ಲಕ್ಕ. ಇಪ್ಪತ್ತೆರಡು ವರ್ಷ ಕಂಡವರ ಬಾಯಿಯ ಅಚ್ಚನ್ನು ಎದುರಿಗಿಟ್ಟುಕೊಂಡು ಕೂತು ಕೂತು, ಎದುರಿಗೆ ಬಂದವರನ್ನೆಲ್ಲ ಅಳೆಯುವುದು ಚಾಳಿಯಾಗಿಬಿಟ್ಟಿತ್ತು. ಅವಳ ಅಳತೆಗೆ ಸಾಲುವವರು ಊರಲ್ಲಿ ಬಹಳ ಮಂದಿ ಇರಲಿಲ್ಲ. ನಿಜ ಹೇಳಬೇಕೆಂದರೆ ಒಬ್ಬರೇ ಇದ್ದರು, ಅವಳ ಅಪ್ಪ.

"ಒಂದೇ ಕೈಯಲ್ಲಿ ಬಳಸೋಕೆ ಯಾವುದು ಸರಿಹೋಗುತ್ತೆ, ಅದನ್ನ ಹೇಳಿ," ಎಂದಳು.

"ಒಂದೇ ಕೈ ಯಾಕೆ ಮೇಡಂ, ದೇವರು ಎರಡು ಕೊಟ್ಟಿದ್ದಾನಲ್ಲ!"

ತನ್ನ ಮಾತಿಗೆ ತಾನೇ ನಕ್ಕ ಆ ಬೆಪ್ಪನನ್ನು ಅವಳು ಅಡಿಯಿಂದ ಮುಡಿಯವರೆಗೆ ನೋಡಿದಳು. ಮಖಮಲ್ಲಿನ ಮೇಲಿನ ಮೂರನ್ನೂ ಬದಿಗೆ ಸರಿಸಿ, ಪೆಟ್ಟಿಗೆಯ ಮೂಲೆಯಲ್ಲಿ ಧೂಳು ಹಿಡಿದು ಬಿದ್ದಿದ್ದ, ಬಣ್ಣವಿಲ್ಲದ ಉಕ್ಕಿನದೊಂದನ್ನು ಬೆರಳು ಮಾಡಿ ತೋರಿಸಿದಳು. "ಅದು ಹಳೇದು ಮೇಡಂ, ಅದನ್ನ ಯಾರೂ ಕೇಳಲ್ಲ," ಎಂದ. ಯಾರೂ ಕೇಳದಿದ್ದರೆ ಅದೇ ಒಳ್ಳೆಯದಿರಬೇಕು ಎಂದು ಹಲ್ಲಕ್ಕ ತೀರ್ಮಾನಿಸಿ, ಕಾಗದದಲ್ಲಿ ಸುತ್ತಿಸಿಕೊಂಡು ಹೊರಬಿದ್ದಳು.

ಇದು ಅವಳು ತಂದ ಮೂರನೆಯ ಟೂಲು.

ಅಪ್ಪ ಮೂವತ್ತೈದು ವರ್ಷ ಲಿಫ್ಟ್ ರಿಪೇರಿ ಮಾಡಿದವರು. ನಿವೃತ್ತಿಯಾದ ಮೇಲೆ ಉಳಿದ ಮುದುಕರ ಹಾಗೆ ಪಾರ್ಕಿನ ಬೆಂಚು ಸವೆಸದೆ, ರಿಮೋಟ್ ಕಾರು ಹಿಡಿದರು. ಬ್ಯಾಟರಿಯ ಆಟಿಕೆಯಲ್ಲ, ನಿಂಬೆಹಣ್ಣಿನಷ್ಟು ದೊಡ್ಡ ನಿಜವಾದ ಎಂಜಿನ್ನು, ಇಂಧನ ಕುಡಿದು ಹೊಗೆ ಉಗುಳುವ ಕಾರು. ಹತ್ತು ಹನ್ನೆರಡು ಜನರನ್ನು ಕೂಡಿಸಿ ಕ್ಲಬ್ಬು ಕಟ್ಟಿದರು. ಮುಚ್ಚಿಹೋದ ಒಂದು ಕಾರ್ಖಾನೆಯ ಹಿಂದಿನ ಬಯಲಿನಲ್ಲಿ ಹಳೆ ಟೈರುಗಳನ್ನು ಸಾಲಾಗಿ ಜೋಡಿಸಿ ಟ್ರ್ಯಾಕು ಮಾಡಿದರು. ಕ್ಲಬ್ಬಿನ ಕಟ್ಟಳೆ ಬರೆದವರೂ ಅವರೇ. ಅದರಲ್ಲಿ ಮೊದಲನೆಯದು, ತನ್ನ ಕ್ಲಚ್ಚನ್ನು ತಾನೇ ಕಟ್ಟಬೇಕು, ತಾನು ಕಟ್ಟಿದ್ದನ್ನು ತಾನೇ ಓಡಿಸಬೇಕು. ದುಡ್ಡಿದ್ದವರು ಮೆಕ್ಯಾನಿಕ್ಕನನ್ನು ಇಟ್ಟುಕೊಂಡು ಬಂದು ಮೆರೆಯಬಾರದು ಅಂತ. ಹಾಗಾಗಿ ರೇಸಿಗೆ ಮುಂಚೆ ಪ್ರತಿಯೊಬ್ಬನೂ ಎಲ್ಲರ ಎದುರಿಗೆ ಕ್ಲಚ್ ಬಿಚ್ಚಿ ಮತ್ತೆ ಕೂರಿಸಿ ತೋರಿಸಬೇಕು. ಎರಡನೆಯದು, ಒಂದು ಇಡೀ ಹಂಗಾಮು ಟ್ರ್ಯಾಕಿಗೆ ಇಳಿಯದವನ ನಂಬರು ಬೇರೆಯವರಿಗೆ ಹೋಗುತ್ತದೆ. ಅಪ್ಪನ ನಂಬರು ಏಳು.

ಎಂಟು ತಿಂಗಳ ಹಿಂದೆ ಅವರಿಗೆ ಲಕ್ವ ಹೊಡೆಯಿತು. ಕಾಲು ವಾಪಸು ಬಂತು, ಮಾತು ವಾಪಸು ಬಂತು, ಎಡಗೈ ಬರಲಿಲ್ಲ. ಅದನ್ನು ಅವರು ಮಡಿಲಲ್ಲಿ ಒಂದು ಟವೆಲ್ಲಿನ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದರು. ಹಂಗಾಮಿನ ಕೊನೆಯ ರೇಸು ಇಂಥ ಭಾನುವಾರ ಎಂದು ಕ್ಲಬ್ಬಿನಿಂದ ಕಾಗದ ಬಂದಾಗ, "ಹೋಗಲ್ವಾ ಅಪ್ಪ?" ಎಂದು ಹಲ್ಲಕ್ಕ ಕೇಳಿದಳು.

ಅಪ್ಪ ಕಿಟಕಿಯ ಕಡೆ ನೋಡುತ್ತಾ, "ಕ್ಲಚ್ ಕೂರಿಸೋಕಾಗಲ್ಲಮ್ಮ. ಅದಕ್ಕೆ ಎರಡು ಕೈ ಬೇಕು," ಎಂದರು.

ಅಷ್ಟೇ ಸಾಕಾಯಿತು ಅವಳಿಗೆ. ಕ್ಲಚ್ಚೊಂದೇ ತಾನೇ ಅಡ್ಡಿ? ಬಾಟಲಿಯ ಮುಚ್ಚಳದಷ್ಟು ಅಗಲದ ಚಕ್ರ, ಅದರ ಮೇಲೆ ಮೂರು ಗೂಟ, ಒಂದೊಂದು ಗೂಟಕ್ಕೂ ಹೆಬ್ಬೆರಳ ಉಗುರಿನಷ್ಟು ಒಂದು ಬಾಗಿದ ತುಂಡು, ಅದಕ್ಕೆ ಶೂ ಅನ್ನುತ್ತಾರೆ, ಶೂವಿಗೊಂದು ಸ್ಪ್ರಿಂಗು. ಚಕ್ರ ತಿರುಗದಂತೆ ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ಶೂವನ್ನು ಒತ್ತಿ ಗೂಟಕ್ಕೆ ಇಳಿಸಬೇಕು. ಸ್ವಲ್ಪ ಜಾರಿದರೆ ಸ್ಪ್ರಿಂಗು ಟಣ್ಣನೆ ಹಾರಿ ಮಂಚದ ಕೆಳಗೆ ಸೇರುತ್ತದೆ. ಇಷ್ಟು ಸಣ್ಣ ವಿಷಯಕ್ಕೆ ಅಪ್ಪ ಏಳನೆಯ ನಂಬರನ್ನು ಬಿಟ್ಟುಕೊಡುವುದೇ? ಸುತರಾಂ ಸಾಧ್ಯವಿಲ್ಲ.

ಮೊದಲನೆಯ ಟೂಲು ಅವಳ ತಮ್ಮ ತಂದದ್ದು. ಈ ತಮ್ಮ ಎಂಥವನೆಂದರೆ, ಮೊಬೈಲಿನಲ್ಲಿ ನಾಲ್ಕು ವಿಡಿಯೋ ನೋಡಿದರೆ ಐದನೆಯದನ್ನು ತಾನೇ ಮಾಡಿದವನ ಹಾಗೆ ಮಾತಾಡುವವನು. ಅಡುಗೆಮನೆಯ ನಲ್ಲಿಯ ವಾಷರ್ ಬದಲಿಸಲು ಹೋಗಿ ಮನೆಗೆಲ್ಲ ನೀರು ಹರಿಸಿದ ಮಹಾನುಭಾವ. "ವಿಮಾನಕ್ಕೆ ಹಾಕೋ ಅಲ್ಯೂಮಿನಿಯಂ ಅಕ್ಕ ಇದು!" ಎಂದು ನೀಲಿಯದನ್ನು ತಂದು ಅಪ್ಪನ ಮೇಜಿನ ಮೇಲಿಟ್ಟ. ಅಪ್ಪ ಬಲಗೈಯಲ್ಲಿ ಎತ್ತಿಕೊಂಡು ನೋಡಿ, "ಜಾರುತ್ತೆ ಕಣೋ," ಎಂದು ವಾಪಸು ಇಟ್ಟರು. ತಮ್ಮನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಹಲ್ಲಕ್ಕನಿಗೆ ಒಳಗೊಳಗೇ ಖುಷಿ.

ಎರಡನೆಯದನ್ನು ಅವಳೇ ತಂದಳು. ಅಪ್ಪ ಅದನ್ನು ಚಕ್ರದ ಮೇಲಿಟ್ಟು, "ಮೊಳೆ ಎರಡೂ ದೂರ ದೂರ ಆಯ್ತು, ಕೂರಲ್ಲ," ಎಂದರು. ಈಗ ಈ ಉಕ್ಕಿನದು. ಬಹಳ ಹೊತ್ತು ತಿರುವಿ ಮುರುವಿ ನೋಡಿದರು. "ಪರವಾಗಿಲ್ಲ. ಆದರೆ ಕೊಕ್ಕೆ ಗಿಡ್ಡ. ಅಲ್ಲದೆ ಚಕ್ರ ಹಿಡಿಯೋಕೆ ಇನ್ನೊಂದು ಕೈ ಬೇಕೇ ಬೇಕು. ಬಿಡಮ್ಮ ಇದನ್ನೆಲ್ಲ."

ಹಲ್ಲಕ್ಕನ ಎದೆ ಉಬ್ಬಿತು. ನೋಡಿ, ಇದು ಕೆಲಸಗಾರನ ಕಣ್ಣು! ಅಂಗಡಿಯವನಿಗೆ ಗ್ರಾಂ ಕಾಣುತ್ತದೆ, ತಮ್ಮನಿಗೆ ವಿಮಾನ ಕಾಣುತ್ತದೆ, ತಪ್ಪು ಕಾಣುವುದು ಅಪ್ಪನೊಬ್ಬರಿಗೇ. ಬಿಡು ಎಂದರೆ ಬಿಡುವವಳೇ ಅವಳು? ಅಪ್ಪನ ಮಗಳು.

ಮಾರನೆಯ ದಿನ ಸಂಜೆ ಕ್ಲಬ್ಬಿನ ಅಧ್ಯಕ್ಷರ ಮನೆಗೆ ಹೋದಳು. ಯಾವುದೋ ಕಂಪನಿಯಲ್ಲಿ ದೊಡ್ಡ ಮ್ಯಾನೇಜರಾಗಿ ನಿವೃತ್ತರಾದ ಮನುಷ್ಯ. ಅವರ ಗ್ಯಾರೇಜಿನ ಗೋಡೆಯಲ್ಲಿ ಒಂದು ಬಿಳಿ ಹಲಗೆ, ಅದರ ಮೇಲೆ ಏಳು ಕ್ಲಚ್ ಟೂಲುಗಳು, ಒಂದೊಂದರ ಸುತ್ತಲೂ ಅದರ ಆಕಾರದ ಗೆರೆ ಎಳೆದು ಹೆಸರು ಬರೆದಿತ್ತು. ಒಂದಕ್ಕೂ ಒಂದು ಗೀರು ಇಲ್ಲ. ಮದುವೆಯಾದ ದಿನದಿಂದ ಶೋಕೇಸಿನಲ್ಲಿಟ್ಟ ಕಪ್-ಸಾಸರಿನ ಹಾಗೆ ಲಕಲಕ ಹೊಳೆಯುತ್ತಿದ್ದವು. ಹೆಸರಿಗೆ ಅಧ್ಯಕ್ಷರು, ಕ್ಲಚ್ ಕೂರಿಸುವಾಗ ಪ್ರತಿ ಸಲ ಬೆರಳಿಗೆ ಚುಚ್ಚಿಸಿಕೊಂಡು ಪ್ಲಾಸ್ಟರ್ ಕೇಳುವವರು ಎಂದು ಅಪ್ಪನೇ ಹಿಂದೊಮ್ಮೆ ಹೇಳಿ ನಕ್ಕಿದ್ದರು.

ಹಲ್ಲಕ್ಕ ವಿಷಯ ಹೇಳಿದಳು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

"ಕ್ಲಚ್ಚಿನ ವಿಷಯ ಇರಲಿ ಬಿಡಮ್ಮ. ನಿಮ್ಮ ತಂದೆ ಬಂದು ಬಾವುಟ ಹಿಡೀಲಿ. ರೇಸ್ ಶುರು ಮಾಡೋದು, ಮುಗಿಸೋದು ಎಲ್ಲಾ ಅವರೇ. ಒಳ್ಳೇ ಕುರ್ಚಿ ಹಾಕಿಸ್ತೀನಿ."

"ಮತ್ತೆ ಏಳನೇ ನಂಬರು?"

"ನಂಬರಿನಲ್ಲಿ ಏನಿದೆಯಮ್ಮ…" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. "ಅವರನ್ನ ಒಂದು ಮಾತು ಕೇಳಿದ್ದೀಯಾ?"

"ಅವರೇ ಹೇಳಿದ್ದು. ಕ್ಲಚ್ಚೊಂದು ಕೂತರೆ ಆಯ್ತು ಅಂತ."

ಕ್ಲಚ್ಚೊಂದು ಕೂತರೆ ಆಯಿತು ಎಂದು ಅಪ್ಪ ಯಾವತ್ತೂ ಹೇಳಿರಲಿಲ್ಲ. ಆದರೆ ಆ ಹೊತ್ತಿಗೆ ಅವಳಿಗೆ ಅದು ಅವರೇ ಹೇಳಿದ ಮಾತಾಗಿ ಹೋಗಿತ್ತು. ಅಧ್ಯಕ್ಷರು ಇನ್ನೇನೋ ಹೇಳಲು ಬಾಯಿ ತೆರೆದವರು ಮತ್ತೆ ಕನ್ನಡಕ ತೆಗೆದು ಒರೆಸತೊಡಗಿದರು. ಹಲ್ಲಕ್ಕನಿಗೆ ಇದರ ಗುಟ್ಟು ತಕ್ಷಣ ಹೊಳೆಯಿತು. ಅಧ್ಯಕ್ಷರ ಅಳಿಯನೂ ಈಗ ಕಾರು ಹಿಡಿದಿದ್ದಾನೆ, ಏಳನೆಯ ನಂಬರಿನ ಮೇಲೆ ಮಾವನಿಗೆ ಕಣ್ಣು. ಬಾವುಟವಂತೆ, ಕುರ್ಚಿಯಂತೆ! ಕ್ಲಬ್ಬು ಕಟ್ಟಿದ ಮನುಷ್ಯನನ್ನು ಬೊಂಬೆಯ ಹಾಗೆ ಮೂಲೆಯಲ್ಲಿ ಕೂರಿಸುವ ಹುನ್ನಾರ. "ಬರ್ತೀನಿ," ಎಂದಷ್ಟೇ ಹೇಳಿ, ಅವರ ಮನೆಯಾಕೆ ತಂದಿಟ್ಟ ಕಾಫಿಯನ್ನು ಮುಟ್ಟದೆ ಎದ್ದುಬಂದಳು.

ಇನ್ನು ಯಾರನ್ನೂ ಕೇಳುವುದು ಬೇಡ ಎಂದು ನಿಶ್ಚಯಿಸಿದಳು. ತನ್ನ ಕಸುಬಿನಲ್ಲಿ ಇಲ್ಲದ್ದು ಇವರ ಹತ್ತಿರ ಏನಿದೆ? ಹಲ್ಲಿಲ್ಲದ ಬಾಯಿಗೆ ಹಲ್ಲು ಕೂರಿಸುವವಳಿಗೆ ಒಂದು ಕೈಗೆ ಒಂದು ಟೂಲು ಹೊಂದಿಸುವುದು ಯಾವ ಲೆಕ್ಕ?

ಮಹಡಿಯ ಮುಂದಿನ ಕೋಣೆಯೇ ಅವಳ ಲ್ಯಾಬು. ಪ್ಲಾಸ್ಟರಿನ ಪುಡಿ ಹಾರಿ ಹಾರಿ ಕಿಟಕಿಯ ಗಾಜು, ಮೇಜು, ರೇಡಿಯೋ ಎಲ್ಲಾ ಬೆಳ್ಳಗಾದ ಕೋಣೆ. ಒಬ್ಬ ಡಾಕ್ಟರರ ಎರಡು ಸೆಟ್ಟುಗಳನ್ನು ಪಕ್ಕಕ್ಕೆ ತಳ್ಳಿ ಕೆಲಸಕ್ಕೆ ಕೂತಳು. ಅಚ್ಚು ತೆಗೆಯುವ ಹಿಟ್ಟು ಕಲಸಿ, ಕಾರಿನಿಂದ ಬಿಚ್ಚಿದ ಅಪ್ಪನ ಎಂಜಿನ್ನನ್ನು ಅದರಲ್ಲಿ ಅರ್ಧ ಮುಳುಗಿಸಿ ತೆಗೆದಳು. ಆ ಅಚ್ಚಿಗೆ ಪ್ಲಾಸ್ಟರ್ ಸುರಿದು, ಅದರ ಮೇಲೆ ಹಲ್ಲಿನ ಸೆಟ್ಟಿಗೆ ಹಾಕುವ ಅಕ್ರಿಲಿಕ್ಕಿನಲ್ಲಿ ಎಂಜಿನ್ನಿಗೆ ಒಂದು ತೊಟ್ಟಿಲು ಮಾಡಿದಳು. ಎಂಜಿನ್ನು ಅದರಲ್ಲಿ ಕೂತರೆ ಅಲುಗಾಡುವಂತಿಲ್ಲ. ಉಕ್ಕಿನ ಟೂಲನ್ನು ಎರಡು ತುಂಡು ಮಾಡಿದಳು. ಮೊಳೆಗಳಿರುವ ತುಂಡನ್ನು ತೊಟ್ಟಿಲಿಗೇ ಕೂರಿಸಿದಳು, ಚಕ್ರವನ್ನು ಅದೇ ಹಿಡಿದುಕೊಳ್ಳುವ ಹಾಗೆ. ತೊಟ್ಟಿಲಿನ ಕೆಳಗೆ ಮೇಜಿಗೆ ಬಿಗಿಯುವ ಕ್ಲಾಂಪು. ಕೊಕ್ಕೆಯ ತುಂಡಿಗೆ ಉದ್ದ ಸಾಲದಲ್ಲ, ಹಲ್ಲಿಗೆ ಹಾಕುವ ಗಟ್ಟಿ ತಂತಿಯನ್ನು ಬೆಸೆದು, ಇನ್ನೊಂದು ಕಾಳಿನಷ್ಟು ಉದ್ದ ಹೆಚ್ಚಿಸಿ ತುದಿ ಉಜ್ಜಿದಳು.

ಇನ್ನು ಹಿಡಿ. ಮೇಣವನ್ನು ಬಿಸಿನೀರಲ್ಲಿ ಮೆತ್ತಗೆ ಮಾಡಿಕೊಂಡು ಅಪ್ಪನ ಕೋಣೆಗೆ ಹೋದಳು.

"ಹಿಡೀರಿ ಇದನ್ನ. ಗಟ್ಟಿಯಾಗಿ ಹಿಚುಕಿ."

"ಯಾಕಮ್ಮ ಇಷ್ಟೆಲ್ಲ?"

"ಹಿಡೀರಿ ಅಂದ್ರೆ."

ಅಪ್ಪ ಬಲಗೈಯಲ್ಲಿ ಮೇಣ ಹಿಡಿದು ಹಿಚುಕಿದರು. ಅವರ ಮುಖ ಬಿಗಿದುಕೊಂಡಿತ್ತು. ಅಚ್ಚು ಚೆನ್ನಾಗಿ ಬರಲೆಂದು ಎಷ್ಟು ಗಮನ ಕೊಡುತ್ತಿದ್ದಾರೆ ಎಂದುಕೊಂಡಳು ಹಲ್ಲಕ್ಕ.

ಎಲ್ಲಾ ಮುಗಿದಾಗ ನೋಡಲು ಮಜವಾಗಿತ್ತು. ಅವಳ ಹತ್ತಿರ ಇದ್ದ ಅಕ್ರಿಲಿಕ್ಕೆಲ್ಲ ಒಂದೇ ಬಣ್ಣದ್ದು, ಒಸಡಿನ ಗುಲಾಬಿ. ಗುಲಾಬಿ ಒಸಡಿನಲ್ಲಿ ಕಪ್ಪು ದವಡೆಹಲ್ಲಿನ ಹಾಗೆ ಎಂಜಿನ್ನು ಕೂತಿತ್ತು. ಅಂಗಡಿಯವನ ನೇರಳೆಗೆ ಮೂಗು ಮುರಿದವಳು ಮಾಡಿದ್ದು ಇದನ್ನೇ ಎಂದು ತಮ್ಮ ಬಿದ್ದು ಬಿದ್ದು ನಕ್ಕ. ಅವಳು ಕ್ಯಾರೇ ಅನ್ನಲಿಲ್ಲ.

ಅಪ್ಪನ ಮೇಜಿಗೆ ಕ್ಲಾಂಪು ಬಿಗಿದಳು. ಅಪ್ಪ ಮೊದಲನೆಯ ಶೂವನ್ನು ಕೊಕ್ಕೆಗೆ ಸಿಕ್ಕಿಸಿ ಒತ್ತಿದರು. ಟಕ್. ಎರಡನೆಯದು, ಟಕ್. ಮೂರನೆಯದು ಒಮ್ಮೆ ಜಾರಿತು, ಮತ್ತೆ ಒತ್ತಿದರು, ಟಕ್. ಒಂದೇ ಕೈಯಲ್ಲಿ, ಐದು ನಿಮಿಷದೊಳಗೆ. ಹಲ್ಲಕ್ಕನ ಕಣ್ಣಲ್ಲಿ ನೀರು ತುಂಬಿತು.

"ಹಿಡಿ ಸ್ವಲ್ಪ ದಪ್ಪ ಆಯ್ತೇನೋ," ಎಂದರು ಅಪ್ಪ.

ಅಲ್ಲೇ ಉಜ್ಜಿ ಎರಡೇ ನಿಮಿಷದಲ್ಲಿ ಸರಿ ಮಾಡಿ ಕೊಟ್ಟಳು. "ಇನ್ನೇನಿದೆ, ಹೇಳಿ. ಇವತ್ತೇ ತೀರಿಸಿಬಿಡೋಣ."

ಅಪ್ಪ ಟೂಲನ್ನು ನೋಡಿದರು. ಎಂಜಿನ್ನನ್ನು ನೋಡಿದರು. ಅಲ್ಲಾಡಿಸಿ ನೋಡಿದರು, ಅಲ್ಲಾಡಲಿಲ್ಲ.

"ಇನ್ನೇನೂ ಇಲ್ಲಮ್ಮ," ಎಂದರು.

ಭಾನುವಾರ ಬೆಳಿಗ್ಗೆ ಬಯಲಿನಲ್ಲಿ ಮೂವತ್ತು ಜನ ಸೇರಿದ್ದರು. ಮಡಚುವ ಮೇಜುಗಳು, ಇಂಧನದ ಡಬ್ಬಿಗಳು, ಮೂಗಿಗೆ ಹತ್ತುವ ಹೊಗೆ. ಒಬ್ಬೊಬ್ಬನ ಡಬ್ಬಿಯಲ್ಲೂ ಬಣ್ಣಬಣ್ಣದ ಟೂಲುಗಳು, ಒಬ್ಬೊಬ್ಬನ ಹೆಬ್ಬೆರಳಿಗೂ ಪ್ಲಾಸ್ಟರು. ಹಲ್ಲಕ್ಕ ಗುಲಾಬಿ ತೊಟ್ಟಿಲನ್ನು ಅಪ್ಪನ ಮುಂದಿನ ಮೇಜಿಗೆ ಬಿಗಿಯುವಾಗ ಯಾರೋ ಕಿಸಕ್ಕೆಂದರು. ನಗಲಿ, ಇನ್ನು ಹತ್ತು ನಿಮಿಷಕ್ಕೆ ಯಾರ ಹಲ್ಲು ಕಾಣುತ್ತದೆ ನೋಡೋಣ ಎಂದುಕೊಂಡಳು.

ಅಧ್ಯಕ್ಷರು ಬಂದು ಅಪ್ಪನ ಕಿವಿಯ ಹತ್ತಿರ ಬಗ್ಗಿ ಏನೋ ಕೇಳಿದರು. ಅಪ್ಪ ತಲೆಯಾಡಿಸುವ ಮುಂಚೆಯೇ ಹಲ್ಲಕ್ಕ, "ಕಟ್ಟಳೆ ಪ್ರಕಾರ ನಡೀಲಿ ಸಾರ್. ಯಾರ ದಯೆಯೂ ಬೇಕಾಗಿಲ್ಲ," ಎಂದಳು, ಎಲ್ಲರಿಗೂ ಕೇಳುವ ಹಾಗೆ. ಅಧ್ಯಕ್ಷರು ಅಪ್ಪನ ಮುಖ ನೋಡಿದರು. ಅಪ್ಪ ಮಗಳ ಮುಖ ನೋಡಿದರು. ಆಮೇಲೆ ಕೊಕ್ಕೆಯನ್ನು ಕೈಗೆತ್ತಿಕೊಂಡರು.

ಟಕ್. ಟಕ್. ಟಕ್. ಈ ಸಲ ಒಂದೂ ಜಾರಲಿಲ್ಲ. ಎರಡು ಕೈ ಇದ್ದ ಎಷ್ಟೋ ಜನರಿಗಿಂತ ಬೇಗ ಮುಗಿಯಿತು. ಬಯಲಿಗೆ ಬಯಲೇ ಚಪ್ಪಾಳೆ ತಟ್ಟಿತು, ಕಿಸಕ್ಕೆಂದವನೂ ತಟ್ಟಿದ. ಹಲ್ಲಕ್ಕ ಅಧ್ಯಕ್ಷರ ಕಡೆ ಒಂದು ನೋಟ ಬೀರಿದಳು. ಎಂಜಿನ್ನನ್ನು ಕಾರಿಗೆ ಕೂರಿಸಿ ಸ್ಟಾರ್ಟ್ ಮಾಡಿಕೊಡಲು ಒಬ್ಬರ ನೆರವು ಪಡೆಯಬಹುದಿತ್ತು, ಹಲ್ಲಕ್ಕನ ತಮ್ಮನೇ ಕೂರಿಸಿ, ಅಪ್ಪನ ಕಾರನ್ನು ಗೆರೆಯ ಹತ್ತಿರ ಒಯ್ದು ಎಂಜಿನ್ನು ಹಚ್ಚಿದ. ಅಪ್ಪ ನಿಧಾನವಾಗಿ ಮೆಟ್ಟಿಲು ಹತ್ತಿ, ಓಡಿಸುವವರು ನಿಲ್ಲುವ ಹಲಗೆಯ ಕಟ್ಟೆಯ ಮೇಲೆ ನಿಂತರು. ಜೊತೆಗೆ ಹೋದ ಹಲ್ಲಕ್ಕ ರಿಮೋಟನ್ನು ಚೀಲದಿಂದ ತೆಗೆದು ಅವರ ಕೈಗೆ ಕೊಟ್ಟಳು.

ಕೊಟ್ಟ ಕೈ ಅಲ್ಲೇ ನಿಂತಿತು.

ಆ ರಿಮೋಟು ಪಿಸ್ತೂಲಿನ ಆಕಾರದ್ದು. ಎಡಗೈಯಲ್ಲಿ ಹಿಡಿದು ತೋರುಬೆರಳಿನಿಂದ ಕುದುರೆ, ಅಂದರೆ ಟ್ರಿಗರ್, ಎಳೆದರೆ ಕಾರು ಓಡುತ್ತದೆ. ಬಲಗೈಯಲ್ಲಿ ಪಕ್ಕದ ಪುಟ್ಟ ಚಕ್ರ ತಿರುಗಿಸಿದರೆ ಕಾರು ತಿರುಗುತ್ತದೆ. ಅಪ್ಪ ಹಾಗೆ ಓಡಿಸುವುದನ್ನು ಅವಳು ನೂರು ಸಲ ನೋಡಿದ್ದಳು. ಮೂರು ವಾರ ಊರಿನವರನ್ನೆಲ್ಲ ಬೈದುಕೊಂಡು ಓಡಾಡುವಾಗ ಅದು ಒಮ್ಮೆಯೂ ಅವಳ ತಲೆಗೆ ಬಂದಿರಲಿಲ್ಲ.

ಅಪ್ಪ ರಿಮೋಟನ್ನು ಕಟ್ಟೆಯ ಅಂಚಿನ ಕಟಕಟೆಯ ಮೇಲೆ ಆನಿಸಿದರು. ಬಲಗೈಯಿಂದ ಎಡಗೈಯನ್ನು ಎತ್ತಿ ಹಿಡಿಯ ಮೇಲಿಟ್ಟರು. ಬೆರಳುಗಳನ್ನು ಒಂದೊಂದಾಗಿ ಮಡಚಿ, ಕೊನೆಗೆ ತೋರುಬೆರಳನ್ನು ಕುದುರೆಯೊಳಗೆ ತೂರಿಸಿದರು. ಬಲಗೈ ಚಕ್ರಕ್ಕೆ ಹೋಯಿತು. ಗೆರೆಯ ಹತ್ತಿರ ಕಾರಿನ ಮುಂದಿನ ಗಾಲಿಗಳು ಎಡಕ್ಕೆ ತಿರುಗಿದವು, ಬಲಕ್ಕೆ ತಿರುಗಿದವು. ಕಾರು ನಿಂತಲ್ಲೇ ಗುರುಗುಟ್ಟಿತು. ಅಪ್ಪನ ಹಣೆಯ ನರ ಉಬ್ಬಿತು, ತೋರುಬೆರಳು ಮಾತ್ರ ಮಿಸುಕಲಿಲ್ಲ.

"ಅಪ್ಪಾ, ಸಾಕು ಬಿಡಿ," ಎಂದಳು ಹಲ್ಲಕ್ಕ.

ಅಪ್ಪ ಬಿಡಲಿಲ್ಲ. ಬಲಗೈಯನ್ನು ಚಕ್ರದಿಂದ ತೆಗೆದು ಎಡಗೈಯ ತೋರುಬೆರಳಿನ ಮೇಲಿಟ್ಟು ಅದುಮಿದರು. ಕ್ಲಚ್ಚು ಅಚ್ಚುಕಟ್ಟಾಗಿ ಹಿಡಿಯಿತು, ಇಷ್ಟು ಚೆನ್ನಾಗಿ ಕೂತ ಕ್ಲಚ್ಚು ಆ ಬಯಲಿನಲ್ಲಿ ಇನ್ನೊಂದಿರಲಿಲ್ಲ. ಕಾರು ಬಿಟ್ಟ ಬಾಣದ ಹಾಗೆ ನೆಟ್ಟಗೆ ಹೋಯಿತು. ಮೊದಲ ತಿರುವು ಬಂದಾಗ ತಿರುಗಿಸಲು ಅಲ್ಲಿ ಕೈ ಇರಲಿಲ್ಲ. ಟೈರುಗಳ ಸಾಲಿಗೆ ಬಡಿದು, ಒಂದು ಪಲ್ಟಿ ಹೊಡೆದು, ಗಾಲಿ ಮೇಲಾಗಿ ಬಿತ್ತು.

ಅಧ್ಯಕ್ಷರು ತಲೆ ತಗ್ಗಿಸಿ ತಮ್ಮ ಕನ್ನಡಕ ಒರೆಸುತ್ತಿದ್ದರು. ಅವರಿಗೆ ಇದು ಮೊದಲೇ ಗೊತ್ತಿತ್ತು ಎಂದು ಹಲ್ಲಕ್ಕನಿಗೆ ಆಗ ತಿಳಿಯಿತು. ಅಪ್ಪನಿಗೂ ಮೊದಲ ದಿನದಿಂದಲೇ ಗೊತ್ತಿತ್ತು. ಕ್ಲಚ್ಚು ಕೂರಲಿಲ್ಲ ಎಂದು ಹೇಳಿ, ತಪ್ಪನ್ನು ಒಂದು ಟೂಲಿನ ಮೇಲೆ ಹಾಕಿ ಅವರು ಮರ್ಯಾದೆಯಿಂದ ಮನೆಯಲ್ಲಿ ಉಳಿಯಬಹುದಿತ್ತು. ಅವಮಾನದಿಂದ ಅವಳ ಕಿವಿ ಕೆಂಪಾದವು, ನಿಂತ ಹಲಗೆ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು.

ಅಪ್ಪ ಎಡಗೈಯನ್ನು ರಿಮೋಟಿನಿಂದ ಬಿಡಿಸಿಕೊಳ್ಳಲು ನೋಡುತ್ತಿದ್ದರು. ಮಡಚಿದ ಬೆರಳು ಕುದುರೆಯಲ್ಲಿ ಸಿಕ್ಕಿಕೊಂಡಿತ್ತು. ಅವಳು ಬಗ್ಗಿ ಒಂದೊಂದೇ ಬೆರಳು ಬಿಡಿಸತೊಡಗಿದಳು.

"ಎಷ್ಟು ಟೂಲು ಬೇಡ ಅಂದೆ ನಾನು," ಎಂದರು ಅಪ್ಪ, ಅವಳೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ. "ಒಂದಕ್ಕಾದ್ರೂ ಹ್ಞೂಂ ಅಂದಿದ್ನಾ?"